ಶಹಾಬಾದಿ ಫರ್ಸಿಯ ಮೇಲೆ ಹೂಲಾ

ಭಾದ್ರಪದದ ಮಳೆ ಹಿಡಿದರೆ ನಮ್ಮ ಸಲಗರ ಬುದ್ರುಕದ ಯರಿಮಣ್ಣು ಕಾಲು ಬಿಡುವುದಿಲ್ಲ. ನಾಲ್ಕು ಹೆಜ್ಜೆ ಹಾಕುವುದರೊಳಗೆ ಚಪ್ಪಲಿಗೆ ಇನ್ನೊಂದು ಚಪ್ಪಲಿಯಷ್ಟು ದಪ್ಪ ಕರಿಮಣ್ಣು ಮೆತ್ತಿಕೊಳ್ಳುತ್ತದೆ. ಹೊಲದ ದಾರಿಯೂ ಹೊಲವೇ ಆಗಿಬಿಡುತ್ತದೆ. ದಿನಾ ಅರ್ಧ ತಾಸು ನಡೆಯಿರೆಂದು ಡಾಕ್ಟರು ಹೇಳಿದ್ದರು. ಅಂಥದೊಂದು ಮಳೆಯ ವಾರ ನನಗೆ ಉಳಿದಿದ್ದ ಒಣ ಜಾಗವೆಂದರೆ ಮನೆಯ ಪಡಸಾಲೆ. ಪುಣೆಯಲ್ಲಿರುವ ಮಗಳು ಮೊಬೈಲಿಗೆ ಒಂದು ವಿಡಿಯೊ ಕಳಿಸಿ ಫೋನ್ ಹಚ್ಚಿದಳು. "ಯವ್ವಾ, ರಾಡ್ಯಾಗ ಹೊರಗ ಹೋಗಬ್ಯಾಡ. ಮನ್ಯಾಗ ಇದನ್ನ ಮಾಡಿ ನೋಡು. ಹವಾಯಿ ಮಂದಿ ಕುಣಿತ ಅದ, ಹೂಲಾ ಅಂತಾರ. ವ್ಯಾಯಾಮಾನೂ ಆಗ್ತದ."

ವ್ಯಾಯಾಮದ ಆಸೆಗೆ ನಿಂತವಳು ನಾನು. ಅವತ್ತಿನಿಂದ ಎರಡು ಮಳೆಗಾಲ ಕಳೆದಿವೆ. ದೀಪ ಹಚ್ಚುವ ಹೊತ್ತಿಗೆ ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ತಾಸು, ಪಡಸಾಲೆಯಲ್ಲಿ ಹೂಲಾ ಮಾಡದಿದ್ದರೆ ದಿನ ಮುಗಿದಂತೆ ಅನ್ನಿಸುವುದಿಲ್ಲ. ಇಷ್ಟು ಸವಿಯಾದದ್ದನ್ನು ಒಬ್ಬಳೇ ಬಚ್ಚಿಟ್ಟುಕೊಂಡು ಉಣ್ಣುವುದು ನಮ್ಮ ಮನೆತನದ ರೂಢಿಯಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲ ಸುಖ ಸುಮ್ಮನೆ ನಿಲ್ಲುವುದರಲ್ಲೇ ಇದೆ. ಪಾದಗಳ ನಡುವೆ ಒಂದು ಗೇಣು ಬಿಟ್ಟು, ಬೆರಳು ಮುಂದಕ್ಕೆ ಮಾಡಿ ನಿಲ್ಲಬೇಕು. ಮಂಡಿ ಮೆತ್ತಗೆ ಬಾಗಬೇಕು; ತುಂಬಿದ ಕೊಡವನ್ನು ಸೊಂಟಕ್ಕೇರಿಸುವ ಮುಂಚೆ ನಾವು ಬಾಗುತ್ತೇವಲ್ಲ, ಅಷ್ಟು. ಬೆನ್ನು ನೆಟ್ಟಗಿರಬೇಕು. ಹೆಗಲು ಸಮವಾಗಿರಬೇಕು, ತಲೆಯ ಮೇಲೆ ಬಿಂದಿಗೆ ಹೊತ್ತು ಏರಿ ಹತ್ತುವ ಹೆಂಗಸಿನ ಹೆಗಲಿನಂತೆ. ಈಗ ಮೈತೂಕವನ್ನು ಬಲಗಾಲಿಗೆ ಜಾರಿಸಿದರೆ ಸೊಂಟ ತಾನಾಗಿ ಬಲಕ್ಕೆ ಹೋಗಿ ನಿಲ್ಲುತ್ತದೆ. ಎಡಕ್ಕೆ ಜಾರಿಸಿದರೆ ಎಡಕ್ಕೆ. ಸೊಂಟವನ್ನು ಯಾರೂ ತಳ್ಳಿರುವುದಿಲ್ಲ. ಬಾಗಿದ ಮಂಡಿ ಮತ್ತು ತೂಕದ ಜಾರುವಿಕೆ, ಎರಡೇ ಸೇರಿ ಅದನ್ನು ತೂಗುತ್ತವೆ. ಹೂಲಾ ಎಂದರೆ ಸೊಂಟ ಕುಲುಕಿಸುವುದು ಅಂತ ಸಿನಿಮಾ ನೋಡಿ ತಿಳಿದವರು ಒಮ್ಮೆ ಹೀಗೆ ನಿಂತು ನೋಡಬೇಕು. ತೊಟ್ಟಿಲನ್ನು ತಳ್ಳಿದವರು ಯಾರೆಂದು ಕಾಣದೆ, ತೊಟ್ಟಿಲಷ್ಟೇ ತೂಗುವ ಚೆಂದ ಅದು.

ಈ ತೂಗಾಟಕ್ಕೆ ಪಕ್ಕದ ನಡಿಗೆ ಸೇರಿದರೆ ಕಾಹೋಲೋ ಎಂಬ ಹೆಜ್ಜೆ. ಬಲಗಾಲು ಬಲಕ್ಕೆ ಹೋಗುತ್ತದೆ, ಎಡಗಾಲು ಬಂದು ಕೂಡುತ್ತದೆ. ಮತ್ತೆ ಬಲಗಾಲು, ಮತ್ತೆ ಎಡಗಾಲು ಬಂದು ಮುಟ್ಟುತ್ತದೆ. ನಾಲ್ಕು ಎಣಿಕೆ. ಆಮೇಲೆ ಅದೇ ದಾರಿಯಲ್ಲಿ ಎಡಕ್ಕೆ. ನಮ್ಮ ಪಡಸಾಲೆಯಲ್ಲಿ ಸರಿಯಾಗಿ ಎರಡು ಫರ್ಸಿ ಅತ್ತ, ಎರಡು ಫರ್ಸಿ ಇತ್ತ. ನೋಡುವುದಕ್ಕೆ ಏನೂ ಇಲ್ಲ. ಆದರೆ ತಲೆ ಮೇಲೆ ಕೆಳಗೆ ಆಗಬಾರದು, ಹೆಜ್ಜೆ ಸಪ್ಪಳ ಮಾಡಬಾರದು, ಮಂಡಿಯ ಬಾಗು ಒಮ್ಮೆಯೂ ಬಿಚ್ಚಬಾರದು. ಮೊದಲ ವಾರ ನಾನು ವಿಡಿಯೊದ ಹಾಡಿನ ಜೊತೆ ಓಡುತ್ತಿದ್ದೆ. ಒಂದು ಸಂಜೆ ಕರೆಂಟು ಹೋಗಿ, ಮೊಬೈಲಿನ ಚಾರ್ಜೂ ಮುಗಿದು, ಹಾಡು ನಿಂತಿತು. ಕತ್ತಲೆಯಲ್ಲಿ ನನ್ನಷ್ಟಕ್ಕೆ ನಾನು ನಿಧಾನವಾಗಿ ಎಣಿಸುತ್ತ ಹೆಜ್ಜೆ ಹಾಕಿದೆ. ಮೂರನೆಯ ಎಣಿಕೆಗೂ ನಾಲ್ಕನೆಯದಕ್ಕೂ ನಡುವೆ ಒಂದು ಜಾಗವಿದೆಯೆಂದು ಆಗ ಗೊತ್ತಾಯಿತು. ಬಲಗಾಲು ಆಗಲೇ ಊರಿರುತ್ತದೆ. ಎಡಗಾಲು ಇನ್ನೂ ಬಂದು ಕೂಡಿರುವುದಿಲ್ಲ. ಅದರ ಹೆಬ್ಬೆರಳಿನ ಉಬ್ಬು ತಣ್ಣಗಿನ ಕಲ್ಲಿನ ಮೇಲೆ ಸವರುತ್ತ, ಸವರುತ್ತ, ಅವಸರವಿಲ್ಲದೆ ಬರುತ್ತಿರುತ್ತದೆ. ಮೈಯ ಎಲ್ಲ ತೂಕವೂ ಒಂದೇ ಮಂಡಿಯ ಮೇಲೆ, ಜೇನಿನ ಹನಿ ಚಮಚದ ತುದಿಯಲ್ಲಿ ತುಂಬಿ ನಿಂತ ಹಾಗೆ, ನಿಂತಿರುತ್ತದೆ. ಆ ಜಾಗವನ್ನು ಕಂಡ ಮೇಲೆ ನಾನು ಹಾಡಿನ ಹಿಂದೆ ಓಡುವುದನ್ನು ಬಿಟ್ಟೆ.

ಫರ್ಸಿಯ ಮಾತನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಅರ್ಧ ಸುಖ ಅದರದ್ದು. ಕಲಬುರಗಿ ಸೀಮೆಯ ಶಹಾಬಾದದಿಂದ ಬಂದ ಬೂದುನೀಲಿ ಸುಣ್ಣದಕಲ್ಲು. ಹೊಸದಿದ್ದಾಗ ಒರಟು, ಮೂರು ತಲೆಮಾರಿನ ಪಾದ ಓಡಾಡಿದ ಮೇಲೆ ಬಾಗಿಲಿನಿಂದ ದೇವರಮನೆಯವರೆಗೆ ಒಂದು ನುಣ್ಣನೆಯ ದಾರಿ ತಾನಾಗಿ ಮೂಡಿದೆ. ಆ ದಾರಿಯನ್ನು ಅಡ್ಡಕ್ಕೆ ದಾಟುತ್ತ ನನ್ನ ಕಾಹೋಲೋ ನಡೆಯುತ್ತದೆ. ಒರಟು, ನುಣುಪು, ಮತ್ತೆ ಒರಟು. ಹೊಳೆಯುವ ಟೈಲ್ಸಿನ ಮೇಲೆ ಈ ರುಚಿ ಸಿಗಲಿಕ್ಕಿಲ್ಲ. ಅಲ್ಲಿ ಪಾದಕ್ಕೆ ಓದುವುದಕ್ಕೆ ಏನಿರುತ್ತದೆ?

ನಾನು ಫುಗಡಿ ಆಡಿ ಬೆಳೆದವಳು. ಪಂಚಮಿಗೆ ತವರಿಗೆ ಬಂದ ಅಕ್ಕತಂಗಿಯರೆಲ್ಲ ಶೇಂಗಾ ಉಂಡಿ ತಿಂದು, ಬೇವಿನ ಗಿಡದ ಜೋಕಾಲಿ ಜೀಕಿ, ಕೊನೆಗೆ ಅಂಗಳಕ್ಕೆ ಇಳಿಯುತ್ತಿದ್ದೆವು. ಇಬ್ಬರು ಕೈ ಹೆಣೆದು ಹಿಡಿದು, ಕಾಲ್ಬೆರಳಿಗೆ ಕಾಲ್ಬೆರಳು ತಾಗಿಸಿ, ಮೈಯನ್ನು ಹಿಂದಕ್ಕೆ ಚೆಲ್ಲಿ ಗಿರಗಿರ ತಿರುಗುವುದು. ಗೋಡೆ, ಗಿಡ, ಅತ್ತಿ, ಮಾವ ಎಲ್ಲರೂ ಒಂದೇ ಬಣ್ಣದ ಗೆರೆಯಾಗುವವರೆಗೆ. ಆ ಅಮಲು ಬೇರೆ, ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ. ಫುಗಡಿಯ ಆನಂದ ನೆಲ ತಪ್ಪುವುದರಲ್ಲಿದೆ. ಹೂಲಾದ್ದು ನೆಲ ಸಿಗುವುದರಲ್ಲಿ. ಐವತ್ತು ದಾಟಿದ ಮಂಡಿಗೆ ಎರಡನೆಯದು ಹೆಚ್ಚು ರುಚಿಸುತ್ತದೆಂದು ನನ್ನ ಅನುಭವ.

ಈಗ ಆಮಿ. ಎಲ್ಲ ಹೆಜ್ಜೆಗಳಲ್ಲಿ ನನಗೆ ಬಹಳ ಪ್ರೀತಿಯದು. ಹೆಜ್ಜೆ ಅನ್ನುವಂತೆಯೂ ಇಲ್ಲ. ಪಾದ ಎರಡೂ ನೆಲಕ್ಕಂಟಿ ನಿಂತಿರುತ್ತವೆ, ಸೊಂಟವೊಂದೇ ಗಾಳಿಯಲ್ಲಿ ಒಂದು ದುಂಡನೆಯ ವೃತ್ತ ಬರೆಯುತ್ತದೆ. ಹವಾಯಿ ಭಾಷೆಯಲ್ಲಿ ಆಮಿ ಎಂದರೆ ಬಾಗಿಲಿನ ಕೀಲು ಅಂತಲೂ ಅರ್ಥ. ಎಷ್ಟು ನೇರವಾದ ಹೆಸರು! ಮೇಲಿನ ಮೈ ಚೌಕಟ್ಟಿನ ಹಾಗೆ ಅಲುಗದೆ ನಿಲ್ಲಬೇಕು, ತಿರುಗುವುದೆಲ್ಲ ಕೀಲಿನಲ್ಲಿ. ಮೊದಲು ಬಟ್ಟಲಿನಷ್ಟು ಸಣ್ಣ ಸುತ್ತು, ಆಮೇಲೆ ಊಟದ ತಾಟಿನಷ್ಟು. ಬಲಕ್ಕೆ ಎಡಕ್ಕೆ ಬರುವುದು ಸುಲಭ. ಸುತ್ತು ಬೆನ್ನ ಹಿಂದೆ ಹಾಯುವಾಗ ಮಂಡಿ ಇನ್ನಷ್ಟು ಬಾಗದಿದ್ದರೆ ವೃತ್ತ ಚಪ್ಪಟೆಯಾಗಿಬಿಡುತ್ತದೆ. ಸರಿಯಾಗಿ ಬಾಗಿದರೆ, ಆ ಹಿಂದಿನ ತಿರುವಿನಲ್ಲಿ, ಟೊಂಕದ ಕೆಳಗೆ ವರ್ಷಗಟ್ಟಲೆ ಬಿಗಿದು ಕೂತಿದ್ದ ಯಾವುದೋ ಒಂದು ಗಂಟು ನವಿರಾಗಿ, ಎಳೆ ಎಳೆಯಾಗಿ, ಹತ್ತಿಯ ಹಾಗೆ ಬಿಚ್ಚಿಕೊಳ್ಳುತ್ತದೆ.

ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದ ನಮ್ಮ ಅತ್ತಿ ಮೂರ್ನಾಲ್ಕು ಸಂಜೆ ಸುಮ್ಮನೆ ನೋಡಿದರು. ಐದನೆಯ ಸಂಜೆ, ನಾನು ಆಮಿಯಲ್ಲಿದ್ದಾಗ, "ಏನವಾ, ಕಲ್ಲಿಲ್ಲದ ಬೀಸಾಕತ್ತಿ?" ಅಂದರು. ನಾನು ನಿಂತಲ್ಲೇ ನಿಂತುಬಿಟ್ಟೆ. ಅಷ್ಟು ಹೊತ್ತೂ ನನ್ನ ಮೈಗೆ ಪರಿಚಿತವಾಗಿ ಕಂಡದ್ದು ಬೀಸುಗಲ್ಲಿನ ಸುತ್ತು! ಕಾಲು ಚಾಚಿ ಕೂತು, ಗೂಟ ಹಿಡಿದು, ಮಾಲದಂಡಿ ಜೋಳ ಬೀಸುವಾಗ ತಿರುಗುವುದು ಕೈ ಅಂತ ನೋಡಿದವರು ಅಂದುಕೊಳ್ಳುತ್ತಾರೆ. ಬೀಸಿದವರಿಗೆ ಗೊತ್ತು, ಸುತ್ತು ಹುಟ್ಟುವುದು ಟೊಂಕದಲ್ಲಿ. ಅದರ ಜೊತೆಗೆ ಹಾಡೂ ಇರುತ್ತದೆ. ಕಲ್ಲಿನ ಒಂದು ಸುತ್ತಿಗೆ ಹಾಡಿನ ಒಂದು ತುಣುಕು ಕೂಡುವಂತೆ ನಮ್ಮ ಹಿರಿಯರು ಪದ ಕಟ್ಟಿದ್ದಾರೆ. ಅವತ್ತಿನಿಂದ ಆಮಿ ಮಾಡುವಾಗ ನಾನು ಎಣಿಕೆ ಬಿಟ್ಟು, ಅತ್ತಿ ಕಲಿಸಿದ ಬೀಸುವ ಪದವನ್ನೇ ಗುನುಗುತ್ತೇನೆ. ಒಂದು ಗುಲಗಂಜಿಯಷ್ಟೂ ತಪ್ಪದೆ ಕೂಡುತ್ತದೆ.

ಹೇಲಾ, ಉವೆಹೆ ಎಂದು ಇನ್ನೆರಡು ಹೆಜ್ಜೆಗಳಿವೆ. ಹೇಲಾದಲ್ಲಿ ಒಂದು ಪಾದವನ್ನು ಓರೆಯಾಗಿ ಮುಂದಕ್ಕೆ ಚಾಚಿ ಹಿಂದಕ್ಕೆ ತರುವುದು, ಆಮೇಲೆ ಇನ್ನೊಂದು. ಹೊಸ ಫರ್ಸಿ ತಣ್ಣಗಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿದ ಹಾಗೆ. ಉವೆಹೆಯಲ್ಲಿ ಒಂದು ಕಾಲೆತ್ತಿ ಊರಿದ ಕೂಡಲೇ ಎರಡೂ ಹಿಮ್ಮಡಿ ಮೇಲೆದ್ದು, ಮಂಡಿಗಳು ಮುಂದಕ್ಕೆ ಚಿಮ್ಮಬೇಕು. ಅದು ಎಳೆಯರಿಗೆ ಒಪ್ಪುವ ಹೆಜ್ಜೆ. ರಜೆಗೆ ಬಂದಾಗ ಮೊಮ್ಮಗಳು ಮಾಡುತ್ತಾಳೆ, ಜೋಳದ ಅರಳು ಸಿಡಿದಂತೆ. ನಾನು ಕೂತು ನೋಡುತ್ತೇನೆ.

ಕಾಲಿನ ಮಾತು ಇಷ್ಟಕ್ಕೆ ಸಾಕು. ಹೂಲಾದ ಜೀವ ಕೈಯಲ್ಲಿದೆ.

ಮಾತಿಲ್ಲದೆ ಹೂಲಾ ಇಲ್ಲ. ಬರಿಯ ತಾಳಕ್ಕೆ ಅದನ್ನು ಕುಣಿಯುವ ಪದ್ಧತಿಯೇ ಅಲ್ಲಿಲ್ಲ. ಹಾಡೋ ಮಂತ್ರದಂತೆ ಉಗ್ಗಡಿಸುವ ಪದವೋ ಇರಲೇಬೇಕು. ಕಾಲು ತಾಳ ಹಿಡಿದುಕೊಂಡಿರುತ್ತದೆ, ಕೈ ಪದದ ಅರ್ಥವನ್ನು ಗಾಳಿಯಲ್ಲಿ ಬರೆಯುತ್ತ ಹೋಗುತ್ತದೆ. ಐದೂ ಬೆರಳ ತುದಿ ಕೂಡಿಸಿದರೆ ಹೂವು. ಎರಡೂ ತೋಳು ಎದೆಯ ಮೇಲೆ ಅಡ್ಡ ಬಂದರೆ ಪ್ರೀತಿ. ಅಂಗೈ ಕೆಳಗೆ ಮಾಡಿ ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಅಲೆ ಹಾಯಿಸಿದರೆ ಕಡಲು. ಭರತನಾಟ್ಯದ ಮುದ್ರೆಗಳಷ್ಟು ಬಿಗಿಯಾದ ಆಕಾರ ಇವಕ್ಕಿಲ್ಲ; ಬೆರಳುಗಳು ಸದಾ ಸಡಿಲ, ಸದಾ ಸ್ವಲ್ಪ ಬಾಗಿದವು, ಒಂದು ಅರ್ಥ ಕರಗಿ ಇನ್ನೊಂದಾಗುವುದಕ್ಕೆ ಯಾವಾಗಲೂ ತಯಾರು. ಕಣ್ಣು ಕೈಯ ಹಿಂದೆ ಹೋಗಬೇಕು. ಇದೊಂದೇ ನಿಯಮ, ಇದೊಂದೇ ಕಷ್ಟ. ನಾವು ಹೆಂಗಸರು ಕೈಯನ್ನು ಯಾವತ್ತು ನೋಡಿಕೊಳ್ಳುತ್ತೇವೆ? ರೊಟ್ಟಿ ಬಡಿಯುವಾಗ ನೋಡುವುದು ರೊಟ್ಟಿಯನ್ನು, ಕಳೆ ಕೀಳುವಾಗ ಕಳೆಯನ್ನು. ಏನೂ ಹಿಡಿಯದ, ಏನೂ ಮಾಡದ ನನ್ನ ಕೈಯನ್ನು ಇಪ್ಪತ್ತು ನಿಮಿಷ ನೋಡುತ್ತ ನಿಂತದ್ದು ನನ್ನ ಬದುಕಿನಲ್ಲೇ ಮೊದಲು.

ಆ ಕೈಗಳಲ್ಲಿ ಮಳೆ ಬರುತ್ತದೆ. ತೋಳೆರಡೂ ತಲೆಗಿಂತ ಮೇಲೆ ಹೋಗುತ್ತವೆ. ಬೆರಳುಗಳು ಹಗುರವಾಗಿ ಮಿಡಿಯುತ್ತ ಇಳಿಯತೊಡಗುತ್ತವೆ, ಕಣ್ಣಿನ ಮುಂದೆ, ಎದೆಯ ಮುಂದೆ, ಸೊಂಟದವರೆಗೆ. ಅಷ್ಟೇ. ಹವಾಯಿಯವರು ಮಳೆಗೆ ಇಟ್ಟ ಹೆಸರುಗಳು ಇನ್ನೂರಕ್ಕೂ ಹೆಚ್ಚು. ಯಾವ ಕಣಿವೆಯ ಮಳೆ, ಯಾವ ಹೂವಿನ ಮೇಲೆ ಬೀಳುವ ಮಳೆ, ಓರೆ ಮಳೆಯೋ ನೆಟ್ಟ ಮಳೆಯೋ, ಪ್ರತಿಯೊಂದಕ್ಕೂ ಬೇರೆ ಹೆಸರು. ಹಿಲೋ ಎಂಬ ಊರಿನದು ಕನಿಲೆಹುವಾ, ಲೆಹುವಾ ಹೂವಿನ ಜೊತೆ ಬೆಸೆದ ಹೆಸರು. ಆ ಹಿಲೋದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ನಮ್ಮ ಸೊಲ್ಲಾಪುರ ಜಿಲ್ಲೆಗೆ ಸಿಗುವುದು ಅದರ ಐದನೆಯ ಒಂದು ಪಾಲಿನ ಆಸುಪಾಸು. ಆದರೂ ನಾವು ಮಳೆಗೆ ಹೆಸರಿಡುವುದರಲ್ಲಿ ಕಡಿಮೆ ಇಲ್ಲ. ಮಿರಗ, ಆರಿದ್ರಿ, ಹುಬ್ಬಿ, ಉತ್ತರಿ, ಹಸ್ತಾ, ಚಿತ್ತಿ. ಹಾದು ಹೋಗುವ ನೆಂಟರನ್ನು ಕರೆದ ಹಾಗೆ ಕರೆಯುತ್ತೇವೆ. ಮಿರಗ ಬಂದಳೇನು, ಉತ್ತರಿ ಕೈಕೊಟ್ಟಳೇನು ಎಂದು ಕಟ್ಟೆಯ ಮೇಲೆ ಮಾತು.

ಒಂದು ಸಂಜೆ ಹೊರಗೆ ನಿಜವಾದ ಉತ್ತರಿ ಸುರಿಯುತ್ತಿತ್ತು. ಮಾಳಿಗೆಯ ದೋಣಿಯಿಂದ ನೀರು ಧೋ ಎಂದು ಅಂಗಳಕ್ಕೆ ಬೀಳುತ್ತಿತ್ತು. ಒಳಗೆ ನನ್ನ ಕೈಗಳು ಮೇಲೆ ಹೋದವು. ನೆನಪಿದೆ, ಬೆರಳು ಮಿಡಿಯುತ್ತ ಇಳಿಯುವಾಗ ನಾನು ಆ ಒಂದು ಇಳಿತಕ್ಕೆ ಎಂಟು ಎಣಿಕೆ ತೆಗೆದುಕೊಂಡೆ. ಆಮೇಲೆ ಹದಿನಾರು. ಕೈ ಇನ್ನೂ ಇಳಿಯುತ್ತಲೇ ಇತ್ತು. ಬರಗಾಲದ ವರ್ಷ ಆಕಾಶ ನೋಡಿ ನೋಡಿ ಕುತ್ತಿಗೆ ಸೋತವರ ಊರಿನವಳು ನಾನು. ಮಳೆಯನ್ನು ಇಷ್ಟು ಹತ್ತಿರ, ಇಷ್ಟು ಸಾವಕಾಶ, ನನ್ನದೇ ಹತ್ತು ಬೆರಳಲ್ಲಿ ಇಳಿಸಿಕೊಳ್ಳಬಹುದೆಂದು ಯಾರು ಹೇಳಿದ್ದರು? ಅಂಗೈ ಸೊಂಟದ ಹತ್ತಿರ ಬಂದು ನಿಂತಾಗ ನಾನು ಅವನ್ನು ಒದ್ದೆಯಾಗಿವೆಯೋ ಎಂಬಂತೆ ನೋಡಿದೆ.

ಮೊದಮೊದಲು ವಿಡಿಯೊದ ಹಾಡಿನ ಅರ್ಥ ನನಗೆ ತಿಳಿಯುತ್ತಿರಲಿಲ್ಲ. ಮಗಳಿಂದ ಒಂದೊಂದೇ ಶಬ್ದ ಕೇಳಿ ಬರೆದಿಟ್ಟುಕೊಂಡೆ. ಅರ್ಥ ಗೊತ್ತಾದ ದಿನ ಕೈ ಬೇರೆಯೇ ಆಯಿತು. ಆದ್ದರಿಂದ, ಅರ್ಧ ತಾಸಿಗೆ ಇಷ್ಟು ಕ್ಯಾಲೊರಿ ಎಂದು ಮೂಲೆಯಲ್ಲಿ ಅಂಕಿ ಓಡಿಸುವ ವಿಡಿಯೊಗಳನ್ನು ನಾನು ಮೆಚ್ಚುವುದಿಲ್ಲ. ಪದದ ಅರ್ಥ ಬಿಡಿಸಿ ಹೇಳುವ ಗುರುವಿನದ್ದನ್ನು ಹುಡುಕಿರಿ. ಅಂಥ ಗುರುವಿಗೆ ಅಲ್ಲಿ ಕುಮು ಎನ್ನುತ್ತಾರೆ. ಬುಡ, ಮೂಲ ಎಂದೂ ಅದರ ಅರ್ಥ.

ಹೂಲಾದ ವಾದ್ಯಗಳನ್ನು ಕಂಡಾಗಲಂತೂ ನನಗೆ ನಮ್ಮ ಹೊಲ, ನಮ್ಮ ಹೊಳೆ ನೆನಪಾಗಿ ಸುಮ್ಮನಿರಲಾಗಲಿಲ್ಲ. ಇಲಿಇಲಿ ಎಂದು ಒಂದಿದೆ, ನೀರಲ್ಲಿ ಉರುಳಿ ನುಣುಪಾದ ಕರಿಯ ಲಾವಾ ಹರಳುಗಳು. ಒಂದೊಂದು ಕೈಯಲ್ಲಿ ಎರಡೆರಡು ಹಿಡಿದು ಚಿಟಿಚಿಟಿ ಎನ್ನಿಸುತ್ತ ಕುಣಿಯುತ್ತಾರೆ. ಅವನ್ನು ಎಲ್ಲಿಂದ ತರಿಸಬೇಕೋ ಎಂದುಕೊಂಡವಳಿಗೆ ಮರುಕ್ಷಣವೇ ಹೊಳೆಯಿತು. ನಾವು ನಿಂತಿರುವುದೂ ಲಾವಾದ ಮೇಲೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನದ ನೆಲ ಬಿರಿದು ಪದರ ಪದರವಾಗಿ ಹರಿದ ಲಾವಾ ಆರಿ ನಮ್ಮ ಕರಿಕಲ್ಲಾಯಿತು. ಆ ಕಲ್ಲು ಸವೆದು ನಮ್ಮ ಯರಿಮಣ್ಣಾಯಿತು. ನನ್ನ ಚಪ್ಪಲಿ ಹಿಡಿದು ಮನೆಯಲ್ಲಿ ಕೂರಿಸಿದ ಮಣ್ಣು ಅದೇ. ಹವಾಯಿಯಲ್ಲಿ ಆ ಕೆಲಸ ಇನ್ನೂ ನಡೆದಿದೆ, ಕಿಲಾವೆಯಾ ಪರ್ವತ ಇವತ್ತಿಗೂ ಬೆಂಕಿ ಉಗುಳುತ್ತದೆ. ಅದರ ಒಡತಿ ಪೆಲೆ ಎಂಬ ದೇವಿ. ಪೆಲೆಯ ತಂಗಿ ಹಿಯಿಆಕಾ ಹೂಲಾ ಕಲಿತದ್ದು ಹೋಪೋಯೆ ಎಂಬ ಗೆಳತಿಯಿಂದ, ಪುನಾ ಸೀಮೆಯ ಕಡಲ ದಂಡೆಯಲ್ಲಿ, ಎಂದು ಅಲ್ಲಿಯ ಪುರಾಣ. ಪುನಾ! ನನ್ನ ಮಗಳು ಪುಣೆಯಿಂದ ಕಲಿಸಿದ ಕುಣಿತದ ಮೂಲವೂ ಪುನಾದಲ್ಲಿ ಎಂದು ಓದಿದಾಗ ನಾನು ಪಟ್ಟ ಖುಷಿ ಅಷ್ಟಿಷ್ಟಲ್ಲ. ಸಿಟ್ಟಿಗೆದ್ದ ಪೆಲೆಯ ಲಾವಾದಲ್ಲಿ ಹೋಪೋಯೆ ಕಲ್ಲಾದಳಂತೆ. ಹವಾಯಿ ದ್ವೀಪದ ಕಾಊ ಸೀಮೆಯಲ್ಲಿ ಕೋಲೋವಾ ಎಂಬ ದಂಡೆಯ ಹರಳುಗಳು ಮರಿ ಹಾಕುತ್ತವೆ ಎಂಬ ನಂಬಿಕೆಯೂ ಇದೆ. ನುಣುಪಾದದ್ದು ಗಂಡು, ಸಣ್ಣ ಕುಳಿಗಳಿರುವುದು ಹೆಣ್ಣು.

ಭೀಮೆಯ ಹೊಳೆಗೆ ಹೋದವರಿಗೆ ಹೇಳಿ ನಾಲ್ಕು ಹರಳು ತರಿಸಿಕೊಂಡೆ. ಕರಿ ನೇರಳೆಯ ಬಣ್ಣ. ಒಂದು ಬದಿ ಮೈಸೋಪಿನಷ್ಟು ನುಣುಪು, ಇನ್ನೊಂದು ಬದಿಯಲ್ಲಿ ನಿಜವಾಗಿಯೂ ಸೂಜಿಮೊನೆಯಂಥ ಕುಳಿಗಳು. ಚಿಕ್ಕವರಿದ್ದಾಗ ಐದು ಕಲ್ಲಿನ ಆಟದಲ್ಲಿ ಪಳಗಿದ ಬೆರಳಿಗೆ ಅವನ್ನು ಹಿಡಿಯುವುದು ಎರಡೇ ದಿನದಲ್ಲಿ ಬಂತು. ಸದ್ದು ಮಾತ್ರ ಹದಿನೈದು ದಿನ ಸತಾಯಿಸಿತು. ಬಿಗಿಯಾಗಿ ಹಿಡಿದರೆ ಮೊಂಡು, ಸಡಿಲ ಬಿಟ್ಟರೆ ಕೈತಪ್ಪು. ಅಂಗೈಯೊಳಗೆ ಒಂದು ಗುಬ್ಬಿಮರಿ ಇದೆ ಎಂಬಷ್ಟು ಹದದಲ್ಲಿ ಹಿಡಿದಾಗ ಅವು ಒಂದಕ್ಕೊಂದು ತಾಗಿ ತೆಳ್ಳಗೆ, ತಂಪಾಗಿ, ಬಾವಿಯ ತಳದಲ್ಲಿ ಹನಿ ಬಿದ್ದಂತೆ ನುಡಿದವು.

ಇನ್ನೊಂದು ವಾದ್ಯ ಇಪು ಹೆಕೆ. ಎರಡು ಸೋರೆ ಬುರುಡೆಗಳನ್ನು ಒಂದರ ಮೇಲೊಂದು ಕೂಡಿಸಿ, ಹಿಂದೆಲ್ಲ ದೀವಿಹಲಸಿನ ಅಂಟಿನಿಂದ ಬೆಸೆದು ಮಾಡುತ್ತಿದ್ದದ್ದು. ಕೆಳಗಿನದು ದೊಡ್ಡದು, ಮೇಲಿನದು ಚಿಕ್ಕದು. ಮೆತ್ತನೆಯ ಹಾಸಿನ ಮೇಲೆ ಅದನ್ನು ಕುಟ್ಟಿದರೆ ಊ ಎನ್ನುತ್ತದೆ. ಬೆರಳಿಂದ ಹೊಟ್ಟೆಗೆ ಬಡಿದರೆ ತೆ. ಈ ಊ, ತೆಗಳೇ ಅವರ ಬೋಲು. ಸೋರೆ ಎಂದರೆ ನಮ್ಮ ಭೀಮೆಯ ದಂಡೆಗೆ ಹೊಸದೇ? ಮಿರಜದ ತಂಬೂರಿ, ಸಿತಾರುಗಳ ಹೊಟ್ಟೆಯಾಗುವ ಬುರುಡೆಗಳು ಬೆಳೆಯುವುದು ಪಂಢರಪುರ, ಮಂಗಳವೇಢೆಯ ಕಡೆಯ ಹೊಲಗಳಲ್ಲಿ. ಒಂದೇ ಜಾತಿಯ ಕಾಯಿ, ಇಲ್ಲಿ ಸ್ವರ ಹಿಡಿದುಕೊಂಡಿತು, ಅಲ್ಲಿ ತಾಳ ಹಿಡಿದುಕೊಂಡಿತು. ನಮ್ಮ ಮನೆಯವರು ಅಟ್ಟ ಹತ್ತಿ, ಹಿಂದೆ ಬೀಜ ಕಟ್ಟಿಡುತ್ತಿದ್ದ ಒಂದು ಹಳೆಯ ಬುರುಡೆ ಹುಡುಕಿ ತಂದುಕೊಟ್ಟರು. ಹೊಗೆ ಕುಡಿದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಮಡಚಿದ ಕೌದಿಯ ಮೇಲೆ ಕುಟ್ಟಿದರೆ, ಎರಡು ಬುರುಡೆಯ ಗಾಂಭೀರ್ಯ ಇಲ್ಲದಿದ್ದರೂ, ಒಳಗಿಂದ ಒಂದು ಬೆಚ್ಚನೆಯ, ಕಣಜದಂಥ ಸದ್ದು ಬರುತ್ತದೆ.

ಉಡುಪಿಗೆ ನಾನು ಹೊಸದೇನೂ ಕೊಳ್ಳಲಿಲ್ಲ. ಹುಲ್ಲಿನ ಲಂಗವೇ ಹೂಲಾದ ಗುರುತೆಂದು ಜನ ತಿಳಿದಿದ್ದಾರೆ. ಅದು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಗಿಲ್ಬರ್ಟ್ ದ್ವೀಪಗಳಿಂದ ದುಡಿಯಲು ಬಂದವರ ಜೊತೆ ಬಂದದ್ದು. ಮೂಲದ್ದು ಮರದ ತೊಗಟೆ ಬಡಿದು ಮಾಡಿದ ಕಪಾ ಬಟ್ಟೆ. ಈಗ ಕಲಿಯುವವರು ಉಡುವುದು ನೆರಿಗೆ ತುಂಬಿದ ಪಾಊ ಎಂಬ ಲಂಗ. ನಾನು ಮದುವೆಯ ಕಾಲದ ಒಂದು ಇಳಕಲ್ ಸೀರೆಯನ್ನು ಅಡ್ಡಕ್ಕೆ ಮಡಚಿ, ಸೊಂಟದ ಸುತ್ತ ನೆರಿಗೆ ಒತ್ತಿ ಲಾಡಿ ಬಿಗಿದೆ. ಟೋಪ ತೆನಿ ಸೆರಗಿನ ಕೆಂಪು ಎಡತೊಡೆಯ ಮೇಲೆ ಬಂತು, ಗೋಮಿ ದಡಿ ಮೊಣಕಾಲ ಕೆಳಗೆ. ಎಷ್ಟೋ ಸಲ ತೊಳೆದು ತೊಳೆದು ಅದು ಮಗುವಿನ ಕೆನ್ನೆಯಷ್ಟು ಮೆದುವಾಗಿದೆ. ಆಮಿ ಮಾಡುವಾಗ ಸೊಂಟ ಸುತ್ತು ಮುಗಿಸಿ ನಿಂತರೂ ನೆರಿಗೆ ನಿಲ್ಲುವುದಿಲ್ಲ. ಇನ್ನರ್ಧ ಎಣಿಕೆ ತಾನೇ ಹೋಗಿ, ತೊಡೆಗೆ ಮೆಲ್ಲಗೆ ತಾಗಿ, ಹಿಂದಿರುಗುತ್ತದೆ. ಆ ಅರ್ಧ ಎಣಿಕೆಗಾಗಿಯಾದರೂ ನೇಯ್ದ ಬಟ್ಟೆಯನ್ನೇ ಉಡಬೇಕು. ಟ್ರ್ಯಾಕ್ ಪ್ಯಾಂಟಿನಲ್ಲಿ ಹೂಲಾ ಮಾಡಬಹುದು, ಆದರೆ ಅದರ ಪ್ರತಿಧ್ವನಿ ಕೇಳುವುದಿಲ್ಲ.

ಕೊರಳಿಗೆ ಹಾಕುವ ಹೂಮಾಲೆಗೆ ಅವರು ಲೇಯಿ ಎನ್ನುತ್ತಾರೆ. ಅದಕ್ಕೆ ಬಳಸುವ ಹೂಗಳಲ್ಲಿ ಪೀಕಾಕೆ ಎಂಬುದೊಂದಿದೆ, ಅಂದರೆ ನಮ್ಮ ದುಂಡು ಮಲ್ಲಿಗೆಯೇ. ರಾಜಕುಮಾರಿ ಕಾಯಿಉಲಾನಿಗೆ ನವಿಲು ಎಂದರೆ ಪ್ರಾಣ, ಈ ಹೂವೂ ಅಷ್ಟೇ ಪ್ರಾಣ; ಅದಕ್ಕೆ ನವಿಲಿನ ಇಂಗ್ಲಿಷ್ ಹೆಸರು ಅವರ ನಾಲಗೆಯಲ್ಲಿ ಹೊರಳಿ ಮಲ್ಲಿಗೆಯ ಹೆಸರಾಯಿತು. ನಮ್ಮ ಹಿತ್ತಿಲ ಬಳ್ಳಿಯಲ್ಲಿ ಬೇಸಿಗೆಯ ಸಂಜೆ ಬಿಳಿಯ ನವಿಲುಗಳು ಬಿರಿಯುತ್ತವೆ ಎಂದು ನಾನೀಗ ಮೊಮ್ಮಗಳಿಗೆ ಹೇಳುತ್ತೇನೆ.

ಇಷ್ಟು ಚೆಲುವಾದ ಕುಣಿತವನ್ನೂ ಒಂದು ಕಾಲದಲ್ಲಿ ತಡೆದಿದ್ದರು. 1820ರಲ್ಲಿ ಕ್ರೈಸ್ತ ಮಿಷನರಿಗಳು ಬಂದರು. 1830ರಲ್ಲಿ ಕ್ರೈಸ್ತಳಾಗಿದ್ದ ರಾಣಿ ಕಾಅಹುಮಾನು ಎಲ್ಲರೆದುರು ಹೂಲಾ ಮಾಡಬಾರದೆಂದಳು. ಊರೊಳಗೆ, ಮನೆಯೊಳಗೆ ಅದು ಉಳಿಯಿತು. ದೊರೆ ಕಲಾಕಾವಾ ತನ್ನ 1883ರ ಪಟ್ಟಾಭಿಷೇಕದ ಸಮಾರಂಭಕ್ಕೆ ಅದನ್ನು ಮತ್ತೆ ಅರಮನೆಯ ಅಂಗಳಕ್ಕೆ ಕರೆತಂದ. ಅದಕ್ಕೆ ಎರಡು ವರ್ಷ ಮುಂಚೆ ಜಗತ್ತು ಸುತ್ತುತ್ತ ಅವನು ಕಲ್ಕತ್ತೆಗೂ ಮುಂಬಯಿಗೂ ಬಂದುಹೋಗಿದ್ದ. ಹಿಲೋದಲ್ಲಿ ಅವನ ನೆನಪಿಗೆ ನಡೆಯುವ ಮೆರ್ರಿ ಮೊನಾರ್ಕ್ ಉತ್ಸವದಲ್ಲಿ 1971ರಿಂದ ಹೂಲಾ ಸ್ಪರ್ಧೆ ಇದೆ. ಹಳೆಯ ಶೈಲಿ ಕಾಹಿಕೋ, ಬುರುಡೆಯ ತಾಳಕ್ಕೆ, ಉಗ್ಗಡಣೆಗೆ. ಹೊಸ ಶೈಲಿ ಔಅನಾ, ಯುಕುಲೇಲೆ, ಗಿಟಾರಿಗೆ. ಯುಕುಲೇಲೆಯೂ 1879ರಲ್ಲಿ ಹಡಗಿನಲ್ಲಿ ಬಂದ ಪೋರ್ಚುಗೀಸ್ ಕೂಲಿಗಳ ಪುಟ್ಟ ತಂತಿವಾದ್ಯದಿಂದ ಹುಟ್ಟಿದ್ದು. ನನಗೆ ಎರಡೂ ಇಷ್ಟ, ಕತ್ತಲಾದ ಮೇಲೆ ಕಾಹಿಕೋ ಇನ್ನಷ್ಟು ಇಷ್ಟ.

ಮೈಗೆ ಏನಾಯಿತು ಎಂದು ಕೇಳುವವರಿಗೆ: ಬೆವರು ಬರುತ್ತದೆ, ತೊಡೆ ಕಂಪಿಸುತ್ತದೆ, ಮೊದಲ ಹದಿನೈದು ದಿನ ಮೀನಖಂಡ ನೋಯುತ್ತದೆ. ಬಾಗಿದ ಮಂಡಿಯಲ್ಲಿ ಇಪ್ಪತ್ತು ನಿಮಿಷ ಇರುವುದು ಸಣ್ಣ ಮಾತಲ್ಲ. ಹವಾಯಿಯಲ್ಲಿ ರಕ್ತದೊತ್ತಡ ಹತೋಟಿಗೆ ಬಾರದ 263 ಮಂದಿ ಸ್ಥಳೀಯರೊಡನೆ ಒಂದು ಅಧ್ಯಯನ ನಡೆಸಿ, ಹೂಲಾ ಕಲಿತವರಲ್ಲಿ ಒತ್ತಡ ಹೆಚ್ಚು ಇಳಿದದ್ದನ್ನು 2021ರಲ್ಲಿ ಪ್ರಕಟಿಸಿದರು. ಆ ಅಧ್ಯಯನಕ್ಕೆ ಇಟ್ಟ ಹೆಸರೂ ಕಾಹೋಲೋ. ನನ್ನ ಮಟ್ಟಿಗೆ ಹೇಳುವುದಾದರೆ, ದೇವರಮನೆಯ ಮುಂದೆ ಕೂತು ಏಳುವಾಗ ನಾನೀಗ ಗೋಡೆ ಹಿಡಿಯುವುದಿಲ್ಲ. ಮಂಡಿಗೆ ಶಸ್ತ್ರಚಿಕಿತ್ಸೆ ಆದವರು ಮೊದಲು ಡಾಕ್ಟರನ್ನು ಕೇಳಿಕೊಳ್ಳಿರಿ.

ಕಳೆದ ಪಂಚಮಿಗೆ ಓಣಿಯ ಐದಾರು ಮಂದಿ ನಮ್ಮ ಪಡಸಾಲೆಯಲ್ಲಿ ಕೂಡಿದ್ದರು. ಫುಗಡಿ ಆಡುವ ವಯಸ್ಸಿನವರು ಅಂಗಳದಲ್ಲಿ ಆಡಿದರು. ಉಳಿದವರನ್ನು ಸಾಲಾಗಿ ನಿಲ್ಲಿಸಿ ನಾನು ಕಾಹೋಲೋ ತೋರಿಸಿದೆ. ಅತ್ತಿ ಕಟ್ಟೆಯ ಮೇಲೆಯೇ ಕೂತು, ಕಾಲು ಚಾಚಿ, ಕೈ ಮಾತ್ರ ಮಾಡಿದರು. ಎಂಬತ್ತು ದಾಟಿದ ಕೈ, ನರ ಎದ್ದ ಕೈ, ಹಸಿರು ಬಳೆಗಳು ಮಣಿಕಟ್ಟಿನಿಂದ ಮೊಣಕೈಯತ್ತ ಜಾರಿದವು. ಅವರ ಬೆರಳಿಂದ ಇಳಿದಂಥ ಮಳೆಯನ್ನು ನಾನು ಯಾವ ವಿಡಿಯೊದಲ್ಲೂ ಕಂಡಿಲ್ಲ. ಇಳಿದು ಮುಗಿದ ಮೇಲೆ, "ಯಾವ ಮಳಿ ಅತ್ತಿ ಇದು?" ಎಂದು ಕೇಳಿದೆ. "ಹಸ್ತಾ" ಅಂದರು, ಒಂದು ಕ್ಷಣವೂ ಯೋಚಿಸದೆ.

ಈ ಭಾದ್ರಪದದಲ್ಲಿ ನಿಮ್ಮ ದಾರಿಯೂ ರಾಡಿಯಾದರೆ, ಚಪ್ಪಲಿ ಹೊರಗೆ ಬಿಟ್ಟು ಬನ್ನಿರಿ. ಹಳೆಯ ಮೆದು ಸೀರೆಯೊಂದನ್ನು ಸೊಂಟಕ್ಕೆ ಬಿಗಿದು, ದೀಪ ಹಚ್ಚಿದ ಮೇಲೆ ಬರಿಗಾಲಲ್ಲಿ ನಿಂತು, ಮಂಡಿ ಮೆತ್ತಗೆ ಬಾಗಿಸಿರಿ. ಎರಡು ಫರ್ಸಿಯಷ್ಟು ಜಾಗ ಸಾಕು.